ಲಿನಕ್ಸ್ ಡೆಸ್ಕ್‌ಟಾಪ್ ತಲೆನೋವು: ನಿಮ್ಮ ಪ್ರಶ್ನೆ, ಸಿಸ್ಟಂ ಅಡ್ಮಿನ್ ಉತ್ತರ

ಗ್ರೂಪ್ ಅಡ್ಮಿನ್: ಗೆಳೆಯರೇ, ವೃತ್ತಿಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದು, ಬಿಡುವಿನಲ್ಲಿ ಹೊಸಬರಿಗೆ ಲಿನಕ್ಸ್ ಹೇಳಿಕೊಡುವ ನಮ್ಮ ಸದಸ್ಯರೊಬ್ಬರು ಇವತ್ತು ಉತ್ತರ ಕೊಡುತ್ತಾರೆ. ಡಿಸ್ಟ್ರೋ (ಉಬುಂಟು, ಮಿಂಟ್ ಥರದ ಲಿನಕ್ಸ್ ಬಗೆ) ಹೆಸರು, ವರ್ಷನ್ ಹಾಕಿ ಕೇಳಿ. ಬರೀ "ವರ್ಕ್ ಆಗ್ತಿಲ್ಲ" ಅಂದರೆ ಅವರಾದರೂ ಏನು ಮಾಡಬೇಕು?

ಪ್ರಶ್ನೆ: ಸರ್, ಉಬುಂಟು 24.04, ಎನ್‌ವಿಡಿಯಾ ಕಾರ್ಡ್. ಟರ್ಮಿನಲ್‌ನಲ್ಲಿ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದೆ. ಈಗ ಎರಡನೇ ಮಾನಿಟರ್ ಬರ್ತಾನೇ ಇಲ್ಲ, ಲ್ಯಾಪ್‌ಟಾಪ್ ಸ್ಕ್ರೀನಲ್ಲಿ ಅಕ್ಷರ ಎಲ್ಲ ದಪ್ಪ ದಪ್ಪ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಅದೇ ಕಥೆ. ಫಾರ್ಮ್ಯಾಟ್ ಮಾಡೋದೇ ವಾಸಿ ಅನ್ನಿಸ್ತಿದೆ.

ಉತ್ತರ: ಫಾರ್ಮ್ಯಾಟ್ ಬೇಡ, ಸ್ವಲ್ಪ ತಡೀರಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದೆಯಾ? ಡ್ರೈವರ್ ಹಾಕುವಾಗ ಮಧ್ಯದಲ್ಲಿ ಯಾವುದಾದರೂ ಪಾಸ್‌ವರ್ಡ್ ಇಡಿ ಅಂತ ಕೇಳಿತ್ತಾ?

ಪ್ರಶ್ನೆ ಕೇಳಿದವರು: ಕೇಳ್ತು ಸರ್. ಬಾಯಿಗೆ ಬಂದದ್ದು ಏನೋ ಕೊಟ್ಟೆ. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬಂತು. ಗಾಬರಿಯಾಗಿ ಎಂಟರ್ ಮೇಲೆ ಎಂಟರ್ ಒತ್ತಿ ಮುಂದೆ ಹೋದೆ.

ಉತ್ತರ: ಸಿಕ್ಕಿತು ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನಲ್ (ಸಿಸ್ಟಂನ ತಿರುಳು) ಒಳಗೆ ಬಿಡುವುದಿಲ್ಲ. ನೀವು ಹಾಕಿದ ಡ್ರೈವರ್ ನಿಮ್ಮ ಮೆಷಿನ್‌ನಲ್ಲೇ ಕಂಪೈಲ್ ಆಗಿ, ಅಲ್ಲೇ ಹುಟ್ಟಿದ ಒಂದು ಕೀಯಿಂದ ಸಹಿ ಆಗಿದೆ. ಆ ಕೀಯನ್ನು ನಂಬಬಹುದು ಅಂತ ಮೆಷಿನ್ ಮುಂದೆ ಕೂತವರೇ ಒಪ್ಪಿಗೆ ಕೊಡಬೇಕು. ಅದಕ್ಕೇ ಆ ನೀಲಿ ಸ್ಕ್ರೀನ್ ಬಂದದ್ದು. ಅದು ಎರರ್ ಅಲ್ಲ. ಆದರೆ ಅಲ್ಲಿ ಮೊದಲ ಆಯ್ಕೆಯೇ "ಕಂಟಿನ್ಯೂ ಬೂಟ್". ಎಂಟರ್ ಒತ್ತಿದರೆ ಒಪ್ಪಿಗೆ ಕೊಡದೆ ಎದ್ದು ಬಂದ ಹಾಗೆ. ಡ್ರೈವರ್ ಹೊರಗೇ ಉಳಿಯಿತು. ಲಿನಕ್ಸ್ ಜೊತೆಗೇ ಬರುವ ನೂವೋ ಡ್ರೈವರನ್ನು ಎನ್‌ವಿಡಿಯಾ ಪ್ಯಾಕೇಜ್ ಮೊದಲೇ ಬ್ಲಾಕ್ ಮಾಡಿರುತ್ತೆ. ಎರಡೂ ಇಲ್ಲ ಅಂದಮೇಲೆ ದಪ್ಪ ಅಕ್ಷರವೇ ಗತಿ.

ಈಗ ಟರ್ಮಿನಲ್ ತೆಗೆದು ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಕಮಾಂಡನ್ನು ಎನ್‌ರೋಲ್-ಕೀ ಆಯ್ಕೆ ಕೊಟ್ಟು ಓಡಿಸಿ. ಮತ್ತೆ ಪಾಸ್‌ವರ್ಡ್ ಕೇಳುತ್ತೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಈ ಒಂದು ಸಲಕ್ಕೆ ಮಾತ್ರ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಣ್ಣ ಅಕ್ಷರ, ಅಂಕಿ ಸಾಕು. ಆ ನೀಲಿ ಸ್ಕ್ರೀನಿಗೆ ನಿಮ್ಮ ಕೀಬೋರ್ಡ್ ಲೇಔಟ್ ಗೊತ್ತಿರುವುದಿಲ್ಲ, ಚಿಹ್ನೆ ಹಾಕಿದರೆ ಒದ್ದಾಡುತ್ತೀರಿ. ರೀಸ್ಟಾರ್ಟ್ ಮಾಡಿ ಕಾಫಿಗೆ ಎದ್ದು ಹೋಗಬೇಡಿ, ಆ ಸ್ಕ್ರೀನ್ 10 ಸೆಕೆಂಡ್ ಮಾತ್ರ ಕಾಯುತ್ತೆ. ಯಾವುದಾದರೂ ಕೀ ಒತ್ತಿ, "ಎನ್‌ರೋಲ್ ಮೋಕ್" ಆಯ್ಕೆ ಮಾಡಿ, ಮುಂದುವರಿದು ಎಸ್ ಅಂತ ಒಪ್ಪಿ ಆ ಪಾಸ್‌ವರ್ಡ್ ಕೊಡಿ. ಆಮೇಲೆ ಬರುವ ಕರ್ನಲ್‌ಗಳಿಗೂ ಅದೇ ಕೀ ನಡೆಯುತ್ತೆ, ಪ್ರತಿ ಅಪ್‌ಡೇಟ್‌ಗೂ ಈ ಪೂಜೆ ಬೇಕಿಲ್ಲ.

"ಸೆಕ್ಯೂರ್ ಬೂಟ್ ಆಫ್ ಮಾಡಿ, ಮುಗೀತು" ಅಂತ ಇಲ್ಲೇ ಯಾರಾದರೂ ಹೇಳ್ತಾರೆ. ಕೆಲಸವೇನೋ ಆಗುತ್ತೆ. ಎರಡು ನಿಮಿಷದ ಕೆಲಸಕ್ಕೆ ಬಾಗಿಲನ್ನೇ ಕಿತ್ತು ಇಡೋದು ಯಾಕೆ ಅನ್ನೋದು ನನ್ನ ಮಾತು.

ಪ್ರಶ್ನೆ: ಮಿಂಟ್ ಮತ್ತು ವಿಂಡೋಸ್ ಡ್ಯುಯಲ್ ಬೂಟ್. ಡಿ ಡ್ರೈವ್‌ನ ಫೈಲ್ ಮಿಂಟ್‌ನಲ್ಲಿ ತೆರೆಯುತ್ತೆ, ಸೇವ್ ಮಾಡಲು ಬಿಡಲ್ಲ. ವಿಂಡೋಸ್‌ಗೆ ಹೋದರೆ ಗಡಿಯಾರವೂ ತಪ್ಪು.

ಉತ್ತರ: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ, ಅರ್ಧ ನಿದ್ದೆ ಮಾಡುತ್ತೆ. ಆ ಸ್ಥಿತಿಯಲ್ಲಿ ಬರೆದರೆ ಡ್ರೈವ್ ಕೆಟ್ಟೀತು ಅಂತ ಲಿನಕ್ಸ್ ಓದಲು ಮಾತ್ರ ಬಿಡುತ್ತೆ. ಒತ್ತಾಯದಿಂದ ಮೌಂಟ್ ಮಾಡುವ (ಡ್ರೈವ್ ತೆರೆಯುವ) ಕಮಾಂಡ್ ಹುಡುಕಬೇಡಿ. ಗಡಿಯಾರದ ಕಥೆ ಸಣ್ಣದು. ಮದರ್‌ಬೋರ್ಡಿನ ಟೈಮನ್ನು ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂದುಕೊಳ್ಳುತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂದುಕೊಳ್ಳುತ್ತೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಟ್ಟರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ.

ಪ್ರಶ್ನೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ತುಂಬಾ ಹಗುರವಾದ ಡಿಸ್ಟ್ರೋ ಹೇಳಿ.

ಉತ್ತರ: ಮಿಂಟ್‌ನ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್ ಇರುವ) ಆವೃತ್ತಿ ಹಾಕಿ. ಅದಕ್ಕಿಂತ ಹಗುರವಾದದ್ದು ಹುಡುಕಿ 200 ಎಂಬಿ ಉಳಿಸಿದರೂ ಬ್ರೌಸರ್‌ನಲ್ಲಿ ಮೂರು ಟ್ಯಾಬ್ ತೆರೆದ ಕೂಡಲೇ ಅದು ಹೋಯ್ತು. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಮಾಡಿಸಿ. ಡಿಸ್ಟ್ರೋ ಬದಲಾಯಿಸೋದಕ್ಕಿಂತ ಅದೇ ಜಾಸ್ತಿ ವ್ಯತ್ಯಾಸ ಮಾಡುತ್ತೆ.

ಪ್ರಶ್ನೆ: ಸರ್, ನನ್ನದು ಟೆಕ್ನಿಕಲ್ ಅಲ್ಲ. ಕೆಲವು ವರ್ಷಗಳಿಂದ ಹೊಸಬರಿಗೆ ಲಿನಕ್ಸ್ ಹಾಕಿಕೊಡ್ತೀನಿ, ಡೌಟ್ ಬಂದರೆ ಉತ್ತರ ಹೇಳ್ತೀನಿ. ಈಗ ರಾತ್ರಿ ಹನ್ನೊಂದಕ್ಕೂ ಫೋನ್. ಪ್ರಿಂಟರ್ ಕೆಟ್ಟರೂ ನಾನೇ, ಇಂಟರ್ನೆಟ್ ಹೋದರೂ ನಾನೇ. "ನೀವೇ ತಾನೇ ಹಾಕಿಕೊಟ್ಟಿದ್ದು" ಅಂತಾರೆ. ಬಿಟ್ಟುಬಿಡೋಣ ಅನ್ಸುತ್ತೆ, ಬಿಟ್ಟರೆ ಬೇಜಾರು.

ಉತ್ತರ: ಇವತ್ತಿನ ಪ್ರಶ್ನೆಗಳಲ್ಲಿ ದೊಡ್ಡದು ಇದೇ. ಮೇಡಂ ಅಥವಾ ಸರ್, ಯಾರಾದರೂ ಸರಿ, ಬಿಡುವ ಮೊದಲು ಫೋನ್ ನಿಲ್ಲಿಸಿ ನೋಡಿ. ಫೋನಲ್ಲಿ ಕೊಟ್ಟ ಉತ್ತರ ಅಲ್ಲೇ ಸಾಯುತ್ತೆ, ನಾಳೆ ಇನ್ನೊಬ್ಬರಿಗೆ ಮತ್ತೆ ಮೊದಲಿಂದ ಹೇಳಬೇಕು. "ಗ್ರೂಪಲ್ಲಿ ಹಾಕಿ, ಅಲ್ಲೇ ನೋಡ್ತೀನಿ" ಅನ್ನಿ. ಅಲ್ಲಿ ನಿಮಗಿಂತ ಮೊದಲು ಬೇರೆಯವರೇ ಉತ್ತರ ಕೊಡಬಹುದು.

ಆಮೇಲೆ ಉತ್ತರಕ್ಕೆ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿ: ನಿನ್ನೆ ಸರಿಯಿದ್ದದ್ದು ಇವತ್ತಿಗೆ ಏನು ಬದಲಾಯಿತು? ಅಪ್‌ಡೇಟ್ ಆಯ್ತಾ, ಯೂಟ್ಯೂಬ್ ನೋಡಿ ಯಾವುದೋ ಪಿಪಿಎ (ಹೊರಗಿನವರ ಸಾಫ್ಟ್‌ವೇರ್ ಮೂಲ) ಸೇರಿಸಿದ್ರಾ? "ಏನೂ ಮಾಡಿಲ್ಲ" ಅಂತ ಶುರುವಾಗುತ್ತೆ, ಎರಡನೇ ಸಲ ಕೇಳಿದಾಗ ನಿಜ ಬರುತ್ತೆ. ಮೆಷಿನ್ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ್ದರೆ ಜರ್ನಲ್‌ಸಿಟಿಎಲ್‌ಗೆ ಮೈನಸ್ ಬಿ, ಮೈನಸ್ 1 ಕೊಟ್ಟು ಹಿಂದಿನ ಬೂಟ್‌ನ ಲಾಗ್ ಕಳಿಸಲು ಹೇಳಿ. ಲಾಗ್ ಕಳಿಸುವಷ್ಟು ಪುರುಸೊತ್ತು ಅವರಿಗಿಲ್ಲ ಅಂದರೆ ರಾತ್ರಿ ಹನ್ನೊಂದಕ್ಕೆ ನಿಮಗೂ ಇಲ್ಲ, ಅಷ್ಟೇ.

ಇನ್ನೊಂದು, ಕೇಳದವರಿಗೆ ಲಿನಕ್ಸ್ ಹಾಕಿಕೊಡಬೇಡಿ. ಉತ್ಸಾಹದಲ್ಲಿ ಹಾಕಿಕೊಟ್ಟರೆ ಅವರ ಮನೆಯ ಪ್ರಿಂಟರಿಗೂ ನೀವೇ ಜವಾಬ್ದಾರಿ.

ಸುಸ್ತಾದ ಸ್ವಯಂಸೇವಕರನ್ನು ಒತ್ತಾಯ ಮಾಡಿದರೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಎಕ್ಸ್‌ಜೆಡ್ ಪ್ರಕರಣ ನೋಡಿ. ಬಹುತೇಕ ಎಲ್ಲ ಲಿನಕ್ಸ್‌ನಲ್ಲೂ ಇರುವ ಕಂಪ್ರೆಷನ್ ಟೂಲ್ ಅದು. ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಸಂಬಳ ಇಲ್ಲ. ಬೇಗ ಅಪ್‌ಡೇಟ್ ಕೊಡಿ ಅಂತ ಕೆಲವರು ಒತ್ತಡ ಹಾಕಿದರು. ಸಹಾಯ ಮಾಡ್ತೀನಿ ಅಂತ ಒಬ್ಬ ಬಂದ, ನಿಧಾನಕ್ಕೆ ವಿಶ್ವಾಸ ಗಳಿಸಿದ, ಕೊನೆಗೆ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಕಳ್ಳ ಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಂಡ್ ಅನ್ನುವ ಎಂಜಿನಿಯರ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. ಒಬ್ಬರ ಹೆಗಲ ಮೇಲೇ ಎಲ್ಲ ಹಾಕುವವರಿಗೆ ಇದನ್ನು ಓದಿ ಹೇಳಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಹೇಳಿದರೂ ಅವರು ಫೋನೇ ಮಾಡ್ತಾರೆ ಸರ್.

ಉತ್ತರ: ಮಾಡ್ತಾರೆ. ಎತ್ತಬೇಡಿ. ಬೆಳಿಗ್ಗೆ ಗ್ರೂಪಲ್ಲಿ ಉತ್ತರ ಹಾಕಿ ಅದರ ಲಿಂಕ್ ಕಳಿಸಿ. ಅರ್ಧ ಜನ ಅಷ್ಟರಲ್ಲಿ ತಾವೇ ಸರಿ ಮಾಡಿಕೊಂಡಿರುತ್ತಾರೆ.

ಪ್ರಶ್ನೆ: ದಿನಾ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ ಆಗುತ್ತೆ. ಬ್ಯಾಕಪ್ ಚಿಂತೆ ಇಲ್ಲ ಅಲ್ವಾ?

ಉತ್ತರ: ಇದೆ. ಟೈಮ್‌ಶಿಫ್ಟ್ ಸಿಸ್ಟಂ ಫೈಲ್‌ಗಳಿಗೆ ಮಾತ್ರ, ನಿಮ್ಮ ಸ್ವಂತ ಫೈಲ್ ಇರುವ ಹೋಮ್ ಫೋಲ್ಡರನ್ನು ತಾನಾಗಿ ಸೇರಿಸಿಕೊಳ್ಳಲ್ಲ. ಅಪ್‌ಡೇಟ್ ಎಡವಟ್ಟಾದರೆ ಕಾಪಾಡುತ್ತೆ, ಮಗುವಿನ ಫೋಟೋ ಡಿಲೀಟ್ ಆದರೆ ಕಾಪಾಡಲ್ಲ. ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿದ್ದರೆ ಡಿಸ್ಕ್ ಜೊತೆ ಅದೂ ಹೋಗುತ್ತೆ. ಹೋಮ್ ಫೋಲ್ಡರಿಗೆ ದೇಜಾ ಡುಪ್ ಅನ್ನುವ ಬ್ಯಾಕಪ್ ಟೂಲ್ ಇಟ್ಟುಕೊಳ್ಳಿ, ಬೇರೆ ಡಿಸ್ಕಿಗೆ ತೆಗೆಯಿರಿ.

ಪ್ರಶ್ನೆ ಕೇಳಿದವರು: ಆ ಬ್ಯಾಕಪ್ ಸರಿಯಾಗಿದೆ ಅಂತ ಹೇಗೆ ಗೊತ್ತಾಗೋದು ಸರ್?

ಉತ್ತರ: ಹಳೆಯ ಒಂದು ಫೈಲನ್ನು ಬೇರೆ ಫೋಲ್ಡರಿಗೆ ರೀಸ್ಟೋರ್ ಮಾಡಿ ತೆರೆದು ನೋಡಿ. ತೆರೆಯದಿದ್ದರೆ ಎರರ್ ಸಮೇತ ಇಲ್ಲೇ ಹಾಕಿ.