ಆಳ್ವಿ ಮೊಳಕೆ ಬರುತ್ತೆ, ಬೆರಳೆತ್ತರ ಆದಮೇಲೆ ಮಲಗುತ್ತೆ. ಯಾಕೆ?

ತಾರಸಿ_ತೋಟ (ಮೈಸೂರು)
ತಲೆ ಕೆಟ್ಟುಹೋಗಿದೆ. ಆಳ್ವಿ ಸೊಪ್ಪು ಬೆಳೆಯೋದು ತುಂಬಾ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಟ್ರೇಯಲ್ಲಿ ಮೊಳಕೆ ಚೆನ್ನಾಗಿಯೇ ಬರುತ್ತೆ, ಬೆರಳೆತ್ತರ ಆಗೋ ಹೊತ್ತಿಗೆ ನಡುವಿನ ಸಸಿಗಳ ಬುಡ ಸಣ್ಣಗಾಗಿ, ಕಂದಾಗಿ, ಸಾಲಾಗಿ ಮಲಗಿಬಿಡುತ್ತವೆ. ಬುಡದಲ್ಲಿ ಬಿಳಿ ಬೂಷ್ಟು. ಅಂಚಿನಲ್ಲಿರುವವು ಮಾತ್ರ ನೆಟ್ಟಗಿವೆ. ಪ್ರತಿ ಸಲ ಇದೇ ಕಥೆ. ಬೀಜ ದೇವರಾಜ ಮಾರುಕಟ್ಟೆ ಹತ್ತಿರ ಗ್ರಂಧಿಗೆ ಅಂಗಡಿಯಲ್ಲಿ ತಂದಿದ್ದು.

ನಾಲೆ_ಬಯಲು (ಮಂಡ್ಯ)
ನಲ್ಲಿ ನೀರು ಅಲ್ವಾ? ಕ್ಲೋರಿನ್. ಬಕೆಟ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟು ಆಮೇಲೆ ಹಾಕಿ.

ತಾರಸಿ_ತೋಟ
ಹಾಗೇ ಮಾಡುತ್ತಿದ್ದೇನೆ ಸಾರ್.

ನಾಲೆ_ಬಯಲು
ಒಂದು ರಾತ್ರಿ ಸಾಲಲ್ಲ. ಇಲ್ಲಾಂದ್ರೆ ಮಳೆ ನೀರು ಹಿಡಿದಿಡಿ.

ಸೊಪ್ಪಿನ_ಮಡಿ (ಕುವೆಂಪುನಗರ)
ಕ್ಲೋರಿನ್ ಬಿಡಿ ಸಾರ್. ಕುಡಿಯೋ ನೀರಿನಲ್ಲಿರುವಷ್ಟಕ್ಕೆ ಸಸಿ ಸಾಯಲ್ಲ, ಸಾಯೋದಾದರೆ ಅಂಚಿನವೂ ಸಾಯಬೇಕಿತ್ತು. ಮೊದಲು ಅದು ಬೂಷ್ಟೋ ಬೇರಿನ ರೋಮವೋ (ಎಳೆ ಬೇರಿನ ಮೈಮೇಲೆ ಬರೋ ಬಿಳಿ ನವಿರು ಕೂದಲು) ನೋಡಿ. ಸ್ಪ್ರೇಯಲ್ಲಿ ನೀರು ಹೊಡೆದರೆ ಬೇರಿನ ರೋಮ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತೆ. ಬೂಷ್ಟು ಬೀಜದಿಂದ ಬೀಜಕ್ಕೆ ಎಳೆ ಹಬ್ಬಿಸಿಕೊಂಡು ಹಾಗೇ ಇರುತ್ತೆ, ಮುಗ್ಗಲು ವಾಸನೆಯೂ ಬರುತ್ತೆ.

ತಾರಸಿ_ತೋಟ
ಹೊಡೆದು ನೋಡಿದೆ, ಹೋಗಲಿಲ್ಲ. ವಾಸನೆಯೂ ಇದೆ.

ನಾಲೆ_ಬಯಲು
ಹಾಗಾದರೆ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತೊಳೆದಿಲ್ಲ ನೀವು. ತೊಳೆಯದಿದ್ದರೆ ಉಪ್ಪು ಉಳಿದಿರುತ್ತೆ.

ತಾರಸಿ_ತೋಟ
ಕೋಕೋಪಿಟ್ ಯಾರು ಹಾಕಿದರು? ಒದ್ದೆ ಹತ್ತಿ ಮೇಲೆ ಬೆಳೆಸುತ್ತಿದ್ದೇನೆ.

ಹಸಿರು_ರ‍್ಯಾಕ್ (ಮೈಸೂರು)
ಹತ್ತಿ ಬೇಡವೇ ಬೇಡ. ನನ್ನದು ನಾಲ್ಕು ಅಂತಸ್ತಿನ ಕಬ್ಬಿಣದ ರ‍್ಯಾಕ್, ಪ್ರತಿ ಅಂತಸ್ತಿಗೂ ಎಲ್‌ಇಡಿ ಪಟ್ಟಿ, ಟೈಮರ್, ಚಿಕ್ಕ ಫ್ಯಾನ್. ಸಾಸಿವೆ, ಮೂಲಂಗಿ, ಮೆಂತ್ಯ ಎಲ್ಲ ಅದರಲ್ಲೇ ಬೆಳೆಯುತ್ತೇನೆ, ಫೋಟೋ ಹಾಕುತ್ತೇನೆ ತಾಳಿ.

ಸೊಪ್ಪಿನ_ಮಡಿ
ರ‍್ಯಾಕ್ ಆಮೇಲೆ ನೋಡೋಣ. ತಾರಸಿಯವರೇ, ಬೀಜ ನೆನೆಸುತ್ತೀರಾ?

ತಾರಸಿ_ತೋಟ
ನೆನೆಸದೆ ಮೊಳಕೆ ಬರುತ್ತಾ? ಹೆಸರುಕಾಳಿಗೆ ಮಾಡೋ ಥರ ರಾತ್ರಿ ನೆನೆಸಿ, ಚಮಚದಲ್ಲಿ ಹತ್ತಿ ಮೇಲೆ ಹರಡಿ, ತಟ್ಟೆ ಮುಚ್ಚುತ್ತೇನೆ.

ಸೊಪ್ಪಿನ_ಮಡಿ
ಸಿಕ್ಕಿತು ನೋಡಿ. ಆಳ್ವಿಯನ್ನು ನೆನೆಸಬಾರದು. ನೀರು ತಾಗಿದರೆ ಕಾಮಕಸ್ತೂರಿ ಬೀಜದ ಹಾಗೆ ಸುತ್ತ ಲೋಳೆ ಕಟ್ಟುತ್ತೆ. ನೆನೆಸಿದರೆ ಎಲ್ಲ ಸೇರಿ ಒಂದೇ ಮುದ್ದೆ, ತೆಳ್ಳಗೆ ಹರಡೋಕೆ ಆಗಲ್ಲ. ನಡುವೆ ದಪ್ಪಗೆ ಬಿದ್ದ ಕಡೆ ಗಾಳಿ ಆಡಲ್ಲ, ತೇವ ಆರಲ್ಲ, ಬುಡ ಕೊಳೆಯುತ್ತೆ. ಅಂಚಿನವು ಬದುಕಿರೋದು ಅದಕ್ಕೇ. ಒಣ ಬೀಜವನ್ನೇ ಒಂದಕ್ಕೊಂದು ತಾಗದ ಹಾಗೆ ಉದುರಿಸಿ, ಮೇಲೆ ಸ್ಪ್ರೇ ಮಾಡಿ, ಮಣ್ಣು ಮುಚ್ಚಬೇಡಿ. ಆ ಲೋಳೆಯೇ ಬೀಜವನ್ನು ಹತ್ತಿಗೆ ಅಂಟಿಸಿ ತೇವ ಹಿಡಿದುಕೊಳ್ಳುತ್ತೆ. ಮೊಳಕೆ ಕಂಡ ತಕ್ಷಣ ತಟ್ಟೆ ತೆಗೆಯಿರಿ, ಆಮೇಲೆ ನೀರು ತಳದಿಂದ ಮಾತ್ರ ಕೊಡಿ. ಬೇಸಿಗೆಯಲ್ಲಿ ತಾರಸಿ ಬೇಡ, ಬೆಳಕಿರೋ ತಂಪು ಜಾಗ ಸಾಕು.

ನಾಲೆ_ಬಯಲು
ಗ್ರಂಧಿಗೆ ಅಂಗಡಿ ಬೀಜ ಹಳೇದಿರುತ್ತೆ, ಬಿತ್ತನೆ ಬೀಜವನ್ನೇ ತನ್ನಿ ಅಂತ ನನ್ನ ಸಲಹೆ.

ಸೊಪ್ಪಿನ_ಮಡಿ
ದಯವಿಟ್ಟು ಆ ಸಲಹೆ ಕೊಡಬೇಡಿ. ಬಿತ್ತನೆ ಬೀಜಕ್ಕೆ ಎಷ್ಟೋ ಸಲ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಎಳೆ ಸೊಪ್ಪಾಗಿ ತಿನ್ನೋಕೆ ಅದು ಆಗಲ್ಲ. ಬಾಣಂತಿ ಪಾಯಸಕ್ಕೆ ಅಂತ ಮಾರೋ ಬೀಜವೇ ಒಳ್ಳೇದು. ಇವರದು ಮೊಳಕೆ ಬಂದಿದೆಯಲ್ಲ, ಬೀಜದ ದೋಷ ಎಲ್ಲಿ ಬಂತು?

ತಾರಸಿ_ತೋಟ
ಈಗಿರೋ ಟ್ರೇಯಲ್ಲಿ ಅಂಚಿನವನ್ನು ಕತ್ತರಿಸಿ ತಿನ್ನಬಹುದಾ?

ಸೊಪ್ಪಿನ_ಮಡಿ
ಬೇಡ. ಬೂಷ್ಟು ಬಂದಿದ್ದನ್ನು ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ, ಟ್ರೇ ಸೋಪು ಹಾಕಿ ಉಜ್ಜಿ, ಬಿಸಿಲಿಗಿಡಿ. ಹೊಸದು 5ರಿಂದ 7 ಸೆಂಟಿಮೀಟರ್ ಆದಾಗ ಚೂಪು ಕತ್ತರಿಯಲ್ಲಿ ಬುಡಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಿ. ಮೊಳಕೆಯಲ್ಲಿ ಮೊದಲು ಬರೋ, ಮೂರು ಸೀಳಿನ ಆ ಪುಟ್ಟ ಬೀಜದೆಲೆ ಇರುವಾಗಲೇ ರುಚಿ, ಬಿಟ್ಟರೆ ಖಾರ ಜಾಸ್ತಿ ಆಗುತ್ತೆ. ಮತ್ತೆ ಚಿಗುರುತ್ತೆ ಅಂತ ಕಾಯಬೇಡಿ, ಹೊಸ ಬೀಜ ಹಾಕಿ. ಕೋಸಂಬರಿ ಮೇಲೆ ಉದುರಿಸಿ ನೋಡಿ, ತುಂಬಾ ಚೆನ್ನಾಗಿರುತ್ತೆ.

ತಾರಸಿ_ತೋಟ
ಇವತ್ತೇ ಒಣ ಬೀಜ ಹಾಕುತ್ತೇನೆ ಮೇಡಂ.

ನಾಲೆ_ಬಯಲು
ನೀರು ಮಾತ್ರ ತೆರೆದಿಟ್ಟಿದ್ದನ್ನೇ ಹಾಕಿ. @ಹಸಿರು_ರ‍್ಯಾಕ್, ಆ ರ‍್ಯಾಕ್ ಎಲ್ಲಿ ಮಾಡಿಸಿದ್ರಿ, ಎಷ್ಟಾಯ್ತು?