ಶಿರಸಿಯಿಂದ ಆನ್‌ಲೈನ್ ವಾದ್ಯದಂಗಡಿ: ಸಗಟು ಮಾಲು ಎಲ್ಲಿಂದ, ಎಷ್ಟು?

ಪ್ರಶ್ನೆ (ಶಿರಸಿ):
ಹಿಂದೂಸ್ತಾನಿ ಕಲಿಯುವವರಿಗೂ ಯಕ್ಷಗಾನ ಹಿಮ್ಮೇಳದವರಿಗೂ ಬೇಕಾದ ವಾದ್ಯಗಳನ್ನಷ್ಟೇ ಮಾರುವ ಸಣ್ಣ ಆನ್‌ಲೈನ್ ಅಂಗಡಿ ತೆರೆಯುವ ಯೋಚನೆ. ಗಿಟಾರ್, ಕೀಬೋರ್ಡ್ ಇಡುವುದಿಲ್ಲ. ಕೈಯಲ್ಲಿರುವುದು 3 ಲಕ್ಷ ರೂಪಾಯಿ, ಮನೆಯಲ್ಲಿ ಖಾಲಿ ಇರುವುದು ಒಂದು ಕೋಣೆ. ಸಗಟು ವೆಬ್‌ಸೈಟುಗಳಲ್ಲಿ ವಿಚಾರಿಸಿದರೆ ಕನಿಷ್ಠ 20 ಜೋಡಿ ತಬಲಾ ತಗೊಳ್ಳಿ ಅನ್ನುತ್ತಾರೆ. ಎಲ್ಲವನ್ನೂ ಒಬ್ಬರ ಹತ್ತಿರವೇ ತರುವುದೋ, ಬೇರೆ ಬೇರೆ ಊರಿಂದಲೋ? ಮೊದಲ ಖರೀದಿ ಹೇಗಿರಬೇಕು?

ಉತ್ತರ (ವಾದ್ಯಗಳ ಸಗಟು ವ್ಯಾಪಾರಿ, ಹುಬ್ಬಳ್ಳಿ):
20 ಜೋಡಿ ಖಂಡಿತ ಬೇಡ ಸರ್. ವಾದ್ಯ ಅಕ್ಕಿ ಮೂಟೆ ಅಲ್ಲ, ಒಂದೊಂದಕ್ಕೂ ಶ್ರುತಿ ಇದೆ. ಲಾಟಿನಲ್ಲಿ ಬರುವ ತಬಲಾಗಳಲ್ಲಿ ಬಾಯಿಯ ಅಳತೆ ಹೇಗೆಂದರೆ ಹಾಗೆ ಇರುತ್ತದೆ. ಕಪ್ಪು ಒಂದು ಶ್ರುತಿಗೆ (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿ, ಸಿ ಶಾರ್ಪ್) ಕೂರಬೇಕಾದರೆ ಸುಮಾರು ಐದೂಕಾಲರಿಂದ ಐದೂವರೆ ಇಂಚಿನ ಬಾಯಿ ಬೇಕು. ಇನ್ನೂ ತಗ್ಗಿನ ಶ್ರುತಿಗೆ ಬಾಯಿ ದೊಡ್ಡದಾಗಬೇಕು. ಗಿರಾಕಿ ಕೇಳುವುದು ಶ್ರುತಿಯನ್ನು, ಲಾಟಿನವರು ಕೊಡುವುದು ತೂಕವನ್ನು. ಉಳಿದ ಜೋಡಿಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಡಿ (ಬಾಯಿಗೆ ಹಾಕಿದ ಚರ್ಮದ ಹೊದಿಕೆ) ಸಡಿಲಾಗಿ ಬೂಷ್ಟು ಹಿಡಿದಿರುತ್ತವೆ.

ತಯಾರಾಗುವ ಊರಿಂದಲೇ, ಕಡಿಮೆ ಸಂಖ್ಯೆಯಲ್ಲಿ, ಶ್ರುತಿ ಹೇಳಿ ತರಿಸಿ. ನಿಮಗೆ ಮೊದಲು ನೋಡಬೇಕಾದ ಊರು ಮಹಾರಾಷ್ಟ್ರದ ಮೀರಜ್. ಹುಬ್ಬಳ್ಳಿಯಿಂದ ಬೆಳಗಾವಿ ಮೇಲೆ ರೈಲಿದೆ. ಅಲ್ಲಿನ ಸಿತಾರ್‌ಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚ್ಯಂಕ (ಆ ಊರಿನದೇ ಮಾಲು ಎಂಬ ಸರ್ಕಾರಿ ಗುರುತು, ಜಿಐ) ಸಿಕ್ಕಿದೆ. ಕುಶಲಕರ್ಮಿಗಳು ಒಂದೊಂದಾಗಿಯೂ ಮಾರುತ್ತಾರೆ, ಆದ್ದರಿಂದ ಕನಿಷ್ಠ ಸಂಖ್ಯೆಯ ತಗಾದೆ ಇಲ್ಲ. ಬಂಡವಾಳ ಹಾಕಿ ತಂಬೂರಿ ಸಾಲಾಗಿ ನಿಲ್ಲಿಸಬೇಡಿ. ಗಂಡು ಧ್ವನಿಯದೊಂದು, ಹೆಣ್ಣು ಧ್ವನಿಯದೊಂದು ತನ್ನಿ. ಉಳಿದದ್ದು ಗಿರಾಕಿ ಮುಂಗಡ ಕೊಟ್ಟ ಮೇಲೆ. ಕೊಳ್ಳುವಾಗ ನಾಲ್ಕು ಕಡೆ ನೋಡಿ. ತಂಬೂರಿಯ ತಳದ ಸೋರೆ ಬುರುಡೆಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ, ಒಂದು ಕಡೆ ಮಾತ್ರ ಮೊದ್ದು ಸದ್ದು ಬಂದರೆ ಅಲ್ಲಿ ಸೀಳನ್ನು ಅಂಟು ಹಾಕಿ ಮುಚ್ಚಿರಬಹುದು. ಕತ್ತಿನ ಉದ್ದಕ್ಕೆ ಕಣ್ಣಿಟ್ಟು ನೋಡಿ, ಬಾಗಿರಬಾರದು. ತಂತಿ ಬಿಗಿ ಮಾಡಿ ಕಾಲು ಗಂಟೆ ಬಿಡಿ, ಗೂಟ ಜಾರಿದರೆ ಒಳಗಿನ ತೂತು ಸರಿಯಾಗಿ ಕೂತಿಲ್ಲ. ಕೊನೆಗೆ ನಾಲ್ಕೂ ತಂತಿಯ ಜವಾರಿ (ಝೇಂಕಾರ) ಒಂದೇ ತರ ಬಿಚ್ಚುತ್ತದೆಯೇ ಕೇಳಿ. ಜವಾರಿಯನ್ನು ಆಮೇಲೂ ಸರಿ ಮಾಡಿಸಬಹುದು, ಬಾಗಿದ ಕತ್ತಿಗೆ ಮಾತ್ರ ಔಷಧವಿಲ್ಲ.

ಹಾರ್ಮೋನಿಯಂ ವಿಷಯದಲ್ಲಿ ಪೆಟ್ಟಿಗೆ ಎಲ್ಲಿ ಮಾಡಿದ್ದು ಅನ್ನುವುದಕ್ಕಿಂತ ರೀಡು (ಒಳಗೆ ನಾದ ಹೊರಡಿಸುವ ಹಿತ್ತಾಳೆ ಪಟ್ಟಿ) ಎಲ್ಲಿಯದು ಅನ್ನುವುದು ಮುಖ್ಯ. ಗುಜರಾತಿನ ಪಾಲಿತಾಣಾ ರೀಡಿಗೆ ಹೆಸರು ಜಾಸ್ತಿ, ಅದನ್ನು ಹಾಕಿದ್ದೇವೆ ಎಂದು ಹೇಳಿ ಬೇರೆ ಕೂರಿಸುವವರೂ ಜಾಸ್ತಿ. ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಒಂದು ಪೆಟ್ಟಿಗೆಯನ್ನಾದರೂ ಬಿಚ್ಚಿಸಿ ನೋಡಿ. ಕಲಿಯುವವರಿಗೆ 42 ಮನೆಯ (ಒತ್ತುವ ಕೀಲಿಯ), ಎರಡು ಸಾಲು ರೀಡಿನ ಪೆಟ್ಟಿಗೆ ಸಾಕು. ಸ್ಕೇಲ್ ಚೇಂಜರ್ (ಶ್ರುತಿ ಬದಲಿಸಲು ಮನೆಗಳ ಸಾಲನ್ನೇ ಸರಿಸುವ ಪೆಟ್ಟಿಗೆ) ಭಾರ ಹೆಚ್ಚು, ಕೊರಿಯರ್‌ನಲ್ಲಿ ಮೊದಲು ಕೆಡುವುದೂ ಅದೇ.

ಬಾನ್ಸುರಿಗೆ ಉತ್ತರ ಪ್ರದೇಶದ ಪಿಲಿಭಿತ್. ಬಿದಿರು ಅಸ್ಸಾಂ ಕಡೆಯಿಂದ ಅಲ್ಲಿಗೆ ಬರುತ್ತದೆ. ಇದನ್ನು ಮಾತ್ರ ಡಜನ್ ಲೆಕ್ಕದಲ್ಲಿ ತರಬಹುದು, ಆದರೆ ಒಂದೇ ಅಳತೆಯ ಡಜನ್ ಅಲ್ಲ. ಮಧ್ಯಮ ಸಿ, ದೊಡ್ಡ ಇ, ಜಿ ಶ್ರುತಿಯವು ಹೀಗೆ ಎರಡೆರಡು ಹೇಳಿ. ಚಳಿಗಾಲದಲ್ಲಿ ಉತ್ತರದಲ್ಲಿ ಶ್ರುತಿ ಮಾಡಿದ ಕೊಳಲು ಇಲ್ಲಿಯ ಸೆಖೆಯಲ್ಲಿ ಏರು ನುಡಿಯುತ್ತದೆ. ಕೊಳಲಿನ ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲೆ ಹೋಗುತ್ತದೆ. ಹಾಗಾಗಿ 440 ಹರ್ಟ್ಸ್‌ಗೆ (ಶ್ರುತಿಯ ರೂಢಿಯ ಅಳತೆಗೆ) ಎಷ್ಟು ಡಿಗ್ರಿ ಸೆಖೆಯಲ್ಲಿ ಮಾಡಿದ್ದು ಎಂದು ಕೇಳುವುದು ತಲೆಹರಟೆಯಲ್ಲ. ಢೋಲಕ್ ಇಡುವುದಾದರೆ ಅದೇ ರಾಜ್ಯದ ಅಮ್ರೋಹಾದಿಂದ ತನ್ನಿ.

ದುಡ್ಡಿನ ಹಂಚಿಕೆ ನನ್ನ ಪ್ರಕಾರ ಹೀಗೆ: 1 ಲಕ್ಷ ಮುಟ್ಟಬೇಡಿ. 1 ಲಕ್ಷ ವಾದ್ಯಕ್ಕೆ. 60 ಸಾವಿರ ಸವೆಯುವ ಮಾಲಿಗೆ, ಅಂದರೆ ತಬಲಾ ಪುಡಿ, ವಾದಿ (ಬಿಗಿಯುವ ತೊಗಲಿನ ಪಟ್ಟಿ), ಗಟ್ಟೆ (ಅದರಡಿ ಕೂರಿಸುವ ಮರದ ತುಂಡು), ಸುತ್ತಿಗೆ, ಸಿಂಬಿ (ತಬಲಾ ಕೂರಿಸುವ ಸುತ್ತು), ತಂತಿ, ಕವರು. 40 ಸಾವಿರ ಪ್ಯಾಕಿಂಗ್, ಸಾಗಣೆ ಮತ್ತು ವಾಪಸ್ ಬರುವ ಮಾಲಿನ ನಷ್ಟಕ್ಕೆ. ತಬಲಾ ಕೊಂಡವನು ಮತ್ತೆ ತಬಲಾ ಕೊಳ್ಳಲು ವರ್ಷಗಟ್ಟಲೆ ಬೇಕು. ಪುಡಿಗೆ ಮಾತ್ರ ಮತ್ತೆ ಮತ್ತೆ ಬರುತ್ತಾನೆ. ಅಂಗಡಿ ನಿಲ್ಲುವುದು ಅದರ ಮೇಲೆ. ಪುಡಿಯನ್ನು ಕಾಲಿಂಚು ಅಂತರದಲ್ಲಿ ಅಳತೆವಾರು ಇಡಿ.

ಪರಿಚಯ ಬೆಳೆದ ಮೇಲೆ ಜಾಂಗಡದ ಮೇಲೆ ಕೊಡುತ್ತೀರಾ ಎಂದು ಕೇಳಿ: ಮಾರಿದ್ದಕ್ಕೆ ದುಡ್ಡು, ಉಳಿದದ್ದು ವಾಪಸ್. ಮೊದಲ ಭೇಟಿಯಲ್ಲೇ ಕೇಳಿದರೆ ಯಾರೂ ಕೊಡುವುದಿಲ್ಲ. ಎರಡು ಮೂರು ಸಲ ನಗದು ಕೊಟ್ಟು ಕೊಂಡವರಿಗೆ ಇಲ್ಲವೆನ್ನುವುದು ಕಡಿಮೆ.

ಪ್ರಶ್ನೆ (ಶಿರಸಿ):
ತುಂಬ ಉಪಕಾರ ಸರ್. ಮದ್ದಳೆ, ಚಂಡೆ ಯಾವ ಊರಿಂದ?

ಉತ್ತರ (ಹಿಮ್ಮೇಳ ವಾದ್ಯ ತಯಾರಕರು, ಹೊನ್ನಾವರ):
ಇದಕ್ಕೆ ಸಗಟು ಅನ್ನುವುದೇ ಇಲ್ಲ ಮಾರಾಯ್ರೆ. ಕರಾವಳಿಯಲ್ಲೂ ಘಟ್ಟದ ಮೇಲೂ ಮಾಡುವವರು ಬೆರಳೆಣಿಕೆ, ಎಲ್ಲ ಹೇಳಿ ಮಾಡಿಸುವುದು. ಮರ ಸರಿಯಾಗಿ ಒಣಗದೆ ಕಳಸಿಗೆ (ವಾದ್ಯದ ಮರದ ಒಡಲು) ಕಡೆದರೆ ಆಮೇಲೆ ಬಿರುಕು ಬಿಡುತ್ತದೆ, ಬಾಯಿ ಅಂಡಾಕಾರವಾಗುತ್ತದೆ, ಮುಚ್ಚಿಗೆ (ಬಾಯಿಗೆ ಹಾಕುವ ಚರ್ಮ) ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ. ಅವಸರ ಮಾಡಿದರೆ ಹಸಿ ಮರವೇ ಸಿಗುವುದು. ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸು ಶುರು, ಆದ್ದರಿಂದ ಆರ್ಡರ್ ಬೇಸಿಗೆಯಲ್ಲೇ ಕೊಡಿ. ಮಳೆಗಾಲದಲ್ಲಿ ಚರ್ಮ ಒಣಗುವುದಿಲ್ಲ, ಹಾಕಿದ ಕರಣೆಯೂ (ಚರ್ಮದ ಮೇಲಿನ ಕಪ್ಪು ಲೇಪ) ಬೇಗ ಏಳುತ್ತದೆ.

ತೆಂಕುತಿಟ್ಟಿನದು, ಬಡಗುತಿಟ್ಟಿನದು (ಯಕ್ಷಗಾನದ ದಕ್ಷಿಣದ, ಉತ್ತರದ ಶೈಲಿಗಳು) ಬೇರೆ ಬೇರೆ. ನಿಮ್ಮ ಪುಟದಲ್ಲಿ ಯಾವ ತಿಟ್ಟಿನದು, ಎರಡೂ ಬಾಯಿಯ ಅಳತೆ, ಎಷ್ಟಕ್ಕೆ ಶ್ರುತಿ ಮಾಡಿದ್ದು, ಈ ಮೂರನ್ನೂ ಬರೆಯದಿದ್ದರೆ ಮಾಲು ವಾಪಸ್ ಬರುವುದು ನಿಶ್ಚಿತ. ತಯಾರಿಟ್ಟುಕೊಳ್ಳುವುದಾದರೆ ಬಾರು, ಚಂಡೆ ಕೋಲು, ತಾಳ ಇಡಿ. ತಾಳವನ್ನು ದಾರದಲ್ಲಿ ನೇತುಹಾಕಿ ಹೊಡೆದು ನೋಡಿ ಕೊಳ್ಳಬೇಕು. ನಾದ ನಡುವೆ ಕತ್ತರಿಸಿದರೆ ಕಂಚಿನಲ್ಲಿ ಕಣ್ಣಿಗೆ ಕಾಣದ ಸೀಳಿದೆ. ಜೋಡಿಯ ಎರಡೂ ಒಂದೇ ಎರಕದ್ದೇ ಅಂತಲೂ ಕೇಳಿ.

ಪ್ರಶ್ನೆ (ಕಾರವಾರ):
ನಾನೂ ಇದೇ ಕೆಲಸಕ್ಕೆ ಇಳಿಯಬೇಕೆಂದಿದ್ದೇನೆ. ಸಮುದ್ರದ ಹತ್ತಿರ ಮನೆ. ಹಾರ್ಮೋನಿಯಂ ತರಿಸಿಟ್ಟರೆ ಮಳೆಗಾಲದಲ್ಲಿ ಅದರ ಮನೆ (ಕೀಲಿ) ಒತ್ತಿದರೆ ಏಳುವುದಿಲ್ಲ ಅನ್ನುತ್ತಾರೆ, ಹೌದೇ?

ಉತ್ತರ (ಹಾರ್ಮೋನಿಯಂ ರಿಪೇರಿ, ಕುಮಟಾ):
ಹೌದು. ಮರ ತೇವ ಕುಡಿದು ಊದಿಕೊಳ್ಳುತ್ತದೆ, ಮನೆಗಳು ಒಂದಕ್ಕೊಂದು ಉಜ್ಜುತ್ತವೆ. ಉಪ್ಪುಗಾಳಿಗೆ ಹಿತ್ತಾಳೆ ರೀಡು ಹಸಿರು ಕಟ್ಟಿ ಶ್ರುತಿ ಇಳಿಯುತ್ತದೆ. ಊದಿದ ಮನೆಯನ್ನು ಮಳೆಗಾಲದಲ್ಲಿ ಉಜ್ಜಿ ಸಣ್ಣ ಮಾಡಲು ಹೋಗಬೇಡಿ, ಬೇಸಿಗೆಯಲ್ಲಿ ಲೊಡಲೊಡ ಅನ್ನುತ್ತದೆ.

ಮಾಲನ್ನು ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟಿನಲ್ಲಿಡಿ, ಗೋಡೆಗೆ ತಾಗಿಸಬೇಡಿ. ಒಳಗೆ ತೇವಾಂಶ ಮಾಪಕ ಇರಲಿ. 50ರಿಂದ 60 ಶೇಕಡಾ ನಡುವೆ ನಿಂತರೆ ಒಳ್ಳೆಯದು. ಹಿಂದೆ 25 ವ್ಯಾಟಿನ ಹಳದಿ ಬಲ್ಬನ್ನು ಕಪಾಟಿನ ತಳದಲ್ಲಿ ಉರಿಸುತ್ತಿದ್ದರು, ಕೆಲಸ ಮಾಡುತ್ತಿದ್ದದ್ದು ಅದರ ಶಾಖ. ಈಗ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ ಕೂತವರಿದ್ದಾರೆ, ಅದರಿಂದ ಬೆಳಕು ಬಿಟ್ಟು ಏನೂ ಸಿಗದು. ಸಿಲಿಕಾ ಜೆಲ್ ಇಟ್ಟರೆ ಆಗಾಗ ಬಿಸಿ ಮಾಡಿ ಒಣಗಿಸಬೇಕು. ಹಾಗೆಂದು ಒಣಗಿಸುವ ಯಂತ್ರ ಇಟ್ಟು ಪೂರ್ತಿ ಒಣಗಿಸಿದರೆ ತಂಬೂರಿ ಬುರುಡೆ ಸೀಳುತ್ತದೆ, ಪುಡಿ ಹರಿಯುತ್ತದೆ.

ಬಂದ ಪೆಟ್ಟಿಗೆಯನ್ನು ಅಂದೇ ಪರೀಕ್ಷಿಸಿ. ಎಲ್ಲ ಗುಂಡಿ (ಗಾಳಿಗೆ ದಾರಿ ಬಿಡುವ, ಎದುರಿನ ಎಳೆಯುವ ಹಿಡಿಕೆ) ಮುಚ್ಚಿ ತಿದಿ ಒತ್ತಿ ಬಿಡಿ, ತಾನಾಗಿ ಬೇಗ ಕುಸಿದರೆ ಗಾಳಿ ಸೋರುತ್ತಿದೆ. ಆಮೇಲೆ ಒಂದೊಂದು ಗುಂಡಿ ಎಳೆದು ಮನೆ ಒತ್ತದೆ ತಿದಿ ಹಾಕಿ. ಸದ್ದು ಬಂದರೆ ಆ ಮನೆಯ ಕೆಳಗಿನ ತೊಗಲಿನ ಪ್ಯಾಡ್ ಸರಿಯಾಗಿ ಮುಚ್ಚುತ್ತಿಲ್ಲ. ಮೂಕಾದ ಮನೆ ಹೆಚ್ಚಾಗಿ ಕೆಟ್ಟದ್ದಲ್ಲ, ಸಾಗಣೆಯಲ್ಲಿ ರೀಡಿನ ನಾಲಿಗೆಗೆ ಧೂಳು ಸಿಕ್ಕಿರುತ್ತದೆ. ತೆಳು ಕಾಗದ ಆಡಿಸಿದರೆ ಸಾಕು.

ಪ್ರಶ್ನೆ (ಶಿರಸಿ):
ಕೊರಿಯರ್ ದರ ತೂಕದ ಮೇಲೆ ಅಂತ ಲೆಕ್ಕ ಹಾಕಿದ್ದೆ. ತಂಬೂರಿ ಹಗುರ ತಾನೇ?

ಉತ್ತರ (ವಾದ್ಯಗಳ ಸಗಟು ವ್ಯಾಪಾರಿ, ಹುಬ್ಬಳ್ಳಿ):
ಅಲ್ಲೇ ಮೋಸ. ಅವರು ಗಾತ್ರವನ್ನೂ ತೂಕ ಮಾಡುತ್ತಾರೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 150, 45, 45ರ ತಂಬೂರಿ ಪೆಟ್ಟಿಗೆಗೆ 60 ಕಿಲೋ ದಾಟುತ್ತದೆ. ತಬಲಾ ಜೋಡಿಯ 60, 35, 35ರ ರಟ್ಟಿಗೆ ಸುಮಾರು 15. ಬಾನ್ಸುರಿಯನ್ನು ಪಿವಿಸಿ ಕೊಳವೆಯಲ್ಲಿ ಹಾಕಿ, 80, 8, 8ಕ್ಕೆ 1 ಕಿಲೋದ ಮೇಲೆ ಸ್ವಲ್ಪ. ತಂಬೂರಿಯನ್ನು ಲಾರಿ ಪಾರ್ಸಲ್ ಕಚೇರಿಯವರೆಗೆ ಕಳಿಸಿ ಗಿರಾಕಿಯೇ ಬಂದು ಒಯ್ಯುವ ಹಾಗೆ ಮಾಡಿ. ಕಳಿಸುವ ಮುಂಚೆ ತಂತಿಯನ್ನು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ, ಕುದುರೆ (ತಂತಿಯನ್ನು ಹೊರುವ ಸಣ್ಣ ಪೀಠ) ಜಾರುತ್ತದೆ. ಪ್ಯಾಕ್ ಮಾಡುವ ವಿಡಿಯೋ ಇಟ್ಟುಕೊಳ್ಳಿ.

ಪ್ರಶ್ನೆ (ಅಂಕೋಲಾ):
ಜಿಎಸ್‌ಟಿ ನೋಂದಣಿ ಬೇಕೇ? ವರ್ಷದ ವಹಿವಾಟು 40 ಲಕ್ಷದವರೆಗೆ ಬೇಡ ಅನ್ನುತ್ತಾರಲ್ಲ.

ಉತ್ತರ (ತೆರಿಗೆ ಸಲಹೆಗಾರರು, ಶಿರಸಿ):
ಕೈಯಿಂದ ಮಾಡಿದ ದೇಶೀ ವಾದ್ಯಗಳ ಒಂದು ಪಟ್ಟಿ ಇದೆ, ಅದರಲ್ಲಿ ಹೆಸರಿದ್ದರೆ ತೆರಿಗೆ ಸೊನ್ನೆ. ಬರೀ ಅಂಥದ್ದನ್ನೇ ಮಾರುವವರಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ಎಲೆಕ್ಟ್ರಾನಿಕ್ ತಂಬೂರಿ, ಬ್ಯಾಗು, ಸ್ಟ್ಯಾಂಡು ತೆರಿಗೆಯ ಮಾಲು. ಅದರಲ್ಲಿ ಒಂದನ್ನು ನಿಮ್ಮದೇ ವೆಬ್‌ಸೈಟಿಂದ ಹೊರರಾಜ್ಯಕ್ಕೆ, ಉದಾಹರಣೆಗೆ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಮಾರಿದರೂ 40 ಲಕ್ಷದ ಮಿತಿ ನೆರವಿಗೆ ಬರುವುದಿಲ್ಲ, ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ದೊಡ್ಡ ಮಾರುತಾಣಗಳ ಮೂಲಕ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದೆ ಬರೀ ದಾಖಲಾತಿ (ಎನ್‌ರೋಲ್‌ಮೆಂಟ್) ಸಂಖ್ಯೆಯಲ್ಲೇ ನಡೆಯುತ್ತದೆ. ಇನ್ನೊಂದು, ತೆರಿಗೆ ಇಲ್ಲದ ಮಾಲಿನ ಕೊರಿಯರ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗದು. ಅದನ್ನು ಬೆಲೆಯಲ್ಲೇ ಸೇರಿಸಿ.

ಪ್ರಶ್ನೆ (ಶಿರಸಿ):
ಕೊನೆಯದೊಂದು. ಒಬ್ಬರು ಉಡದ ಚರ್ಮದ ಖಂಜಿರ ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನಾದ ಚೆನ್ನಾಗಿದೆ.

ಉತ್ತರ (ವಾದ್ಯಗಳ ಸಗಟು ವ್ಯಾಪಾರಿ, ಹುಬ್ಬಳ್ಳಿ):
ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಇದೆ. ಚಿತ್ರ ಹಾಕಿ ಮಾರಿದರೆ ನಿಮ್ಮ ವಿರುದ್ಧ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಆಡಿನ ಚರ್ಮದ್ದು, ಸಿಂಥೆಟಿಕ್‌ದು ಎರಡೂ ಸಿಗುತ್ತವೆ. ಹಳೆಯ ಸಿತಾರ್ ಕೊಳ್ಳುವಾಗಲೂ ಇದೇ ಎಚ್ಚರಿಕೆ: ಕುದುರೆ ಜಿಂಕೆ ಕೊಂಬಿನದೋ ಆನೆದಂತದ್ದೋ ಆಗಿರಬಹುದು. ಮೀರಜ್‌ನಿಂದ ತರುವ ಹೊಸದಕ್ಕೂ ಕುದುರೆ ಯಾವುದರದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.