ಸಹಾಯ ಬೇಕು: ವಯಸ್ಸಾದ ಅಮ್ಮನ ಜೊತೆ ಅಬು ಸಿಂಬೆಲ್

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಮ್ಮನನ್ನು ಈಜಿಪ್ಟಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಲಕ್ಸರ್‌ನ ಚಿಂತೆ ಇಲ್ಲ, ಕಾರ್ನಾಕ್ ಗುಡಿ ಊರಲ್ಲೇ ಇದೆ. ಯೋಚನೆ ಇರುವುದು ಬಂಡೆಯಲ್ಲಿ ಕೊರೆದ ಪುರಾತನ ಗುಡಿಯಿರುವ ಅಬು ಸಿಂಬೆಲ್‌ನದ್ದು. ಅಸ್ವಾನ್‌ನಿಂದ ಮರುಭೂಮಿ ರಸ್ತೆಯಲ್ಲಿ ಸುಮಾರು 280 ಕಿಲೋಮೀಟರ್. ಅಮ್ಮನಿಗೆ ಮಂಡಿ ನೋವು, ಶುಗರ್ ಬೇರೆ. ಬೆಳಗಿನ ಜಾವ ಹೊರಟು ಅದೇ ದಿನ ವಾಪಸ್ ಬಂದರೆ ಸುಸ್ತು ಜಾಸ್ತಿ ಆಗುತ್ತದಾ? ಅಲ್ಲೇ ಒಂದು ರಾತ್ರಿ ಉಳಿಯುವುದು ವಾಸಿನಾ? ದಾರಿಯಲ್ಲಿ ಶೌಚಾಲಯ, ಸಸ್ಯಾಹಾರಿ ಊಟ ಸಿಗುತ್ತದಾ?

ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗಬಾರದು ಅಂತ 1960ರ ದಶಕದಲ್ಲಿ ಆ ಇಡೀ ಗುಡಿಯನ್ನೇ ಕತ್ತರಿಸಿ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು, ಅಲ್ವಾ? ಅದನ್ನು ಕೇಳಿದಾಗಿನಿಂದ ಅಮ್ಮನಿಗೆ ನೋಡಲೇಬೇಕು ಎಂಬ ಆಸೆ. ಫೆಬ್ರವರಿ 22ರಂದು ಬಿಸಿಲು ಗರ್ಭಗುಡಿಯವರೆಗೂ ಬೀಳುತ್ತದೆ. ಆದರೆ ಅವತ್ತು ವಿಪರೀತ ಜನ, ಬೇರೆ ದಿನವೇ ಹೋಗುತ್ತೇವೆ. ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ.